ಬಾತುಕೋಳಿ ಮರಿ ಹೊರಬರುವ ಮುಂಚೆ: ಆರನೇ ತರಗತಿ ಪೋಷಕರಿಗೆ ಪತ್ರ

ಫೆಬ್ರವರಿ 12, ಬುಧವಾರ

ಆರನೇ ತರಗತಿ ಮಕ್ಕಳ ತಂದೆ ತಾಯಿಯರಿಗೆ ನಮಸ್ಕಾರ.

ಮೂರು ವಾರದಿಂದ ಮನೆಯಲ್ಲಿ ಬಾತುಕೋಳಿ ಮೊಟ್ಟೆಯದೇ ಮಾತು ಅಂತ ಹಲವರು ಹೇಳಿದ್ದೀರಿ. ಬರುವ ಸೋಮವಾರ, 17ನೇ ತಾರೀಖಿಗೆ, ಮೊಟ್ಟೆ ಕಾವಿಗೆ ಇಟ್ಟು 28 ದಿನ ತುಂಬುತ್ತದೆ. ಮರಿ ಹೊರಬರುವ ಹೊತ್ತು. ಅದಕ್ಕೂ ಮುಂಚೆ ನಿಮ್ಮ ಹತ್ತಿರ ಒಂದು ಮಾತು ಕೇಳಿಕೊಳ್ಳಬೇಕಿದೆ.

ಮೊಟ್ಟೆ ಅಂದ ಕೂಡಲೇ ಒಂದೆರಡು ಮನೆಗಳಲ್ಲಿ ಬೇಸರವಾಗಿದೆ ಅಂತ ಗೊತ್ತಾಯಿತು. ಇವು ತಿನ್ನುವ ಮೊಟ್ಟೆಗಳಲ್ಲ, ಜೀವ ಬೆಳೆಯುತ್ತಿರುವ ಮೊಟ್ಟೆಗಳು. ಆದರೂ ಮಗು ಮುಟ್ಟುವುದು ಬೇಡ ಅನಿಸಿದರೆ ಹೇಳಿ. ಅದು ದೂರದಿಂದ ನೋಡಿ ಬರೆದುಕೊಳ್ಳಲಿ, ಬಲವಂತವಿಲ್ಲ.

ಕಾವು ಕೊಡುವ ಪೆಟ್ಟಿಗೆ ಶಾಲೆಯ ಹಿಂದಿನ ನನ್ನ ಮನೆಯಲ್ಲಿದೆ. ರಾತ್ರಿಯೂ ನೋಡಿಕೊಳ್ಳಬೇಕಲ್ಲ, ಅದಕ್ಕೆ. ಥರ್ಮೋಕೋಲ್ ಪೆಟ್ಟಿಗೆ, ಎರಡು ಬಲ್ಬು, ಸಣ್ಣ ಫ್ಯಾನು, ಕಾವು ಹತೋಟಿಯಲ್ಲಿಡುವ ಒಂದು ಥರ್ಮೋಸ್ಟ್ಯಾಟ್, ಮೇಲೆ ಗಾಜಿನ ಮುಚ್ಚಳ. ಒಳಗೆ 37.5 ಡಿಗ್ರಿ ಇರಬೇಕು. ದಶಮಾಂಶ ಅಂದರೆ ಮುಖ ತಿರುಗಿಸುತ್ತಿದ್ದ ಮಕ್ಕಳು ಈಗ 37.5ಕ್ಕೂ 37.9ಕ್ಕೂ ಎಷ್ಟು ವ್ಯತ್ಯಾಸ ಅಂತ ತಾವೇ ಲೆಕ್ಕ ಹಾಕುತ್ತಾರೆ. ಜನವರಿಯಲ್ಲೇ ಯಾಕೆ ಶುರು ಮಾಡಿದಿರಿ ಅಂತ ಒಬ್ಬರು ಕೇಳಿದ್ದರು. ನಮ್ಮ ಕಡೆ ಏಪ್ರಿಲ್ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಈ ಪೆಟ್ಟಿಗೆ ಬಿಸಿ ಮಾಡಬಲ್ಲದು, ತಂಪು ಮಾಡಲಾರದು. ಕರೆಂಟ್ ಹೋದಾಗ ಮೇಲೆ ಕಂಬಳಿ ಹೊದಿಸುತ್ತೇವೆ. ಸ್ವಲ್ಪ ಹೊತ್ತು ಕಾವು ಇಳಿದರೆ ಮೊಟ್ಟೆ ತಡೆದುಕೊಳ್ಳುತ್ತದೆ. ತಾಯಿ ಬಾತುಕೋಳಿಯೂ ಮೇಯಲು ಎದ್ದು ಹೋಗುತ್ತದೆ, ಅಲ್ವಾ?

ಕೋಳಿ ಕೆಳಗೆ ಇಟ್ಟಿದ್ದರೆ ಸಾಕಾಗಿತ್ತಲ್ಲ ಅಂದರು ಒಬ್ಬ ಅಜ್ಜಿ. ನಿಜ, ಕೋಳಿಯೂ ಬಾತು ಮೊಟ್ಟೆಗೆ ಕಾವು ಕೊಡುತ್ತದೆ. ತನ್ನ ಮೊಟ್ಟೆಗೆ 21 ದಿನ ಕೂರುವುದು, ಇದಕ್ಕೆ ಇನ್ನೊಂದು ವಾರ ಜಾಸ್ತಿ ಕೂರಬೇಕು ಅಷ್ಟೇ. ಆದರೆ ಕೋಳಿಯ ಕೆಳಗೆ ಏನು ನಡೆಯುತ್ತಿದೆ ಅಂತ ಮಕ್ಕಳಿಗೆ ಕಾಣುವುದಿಲ್ಲ. ಏಳನೇ ದಿನ ಕೋಣೆ ಕತ್ತಲು ಮಾಡಿ, ಮೊಟ್ಟೆಯ ದಪ್ಪ ತುದಿಗೆ ಮೊಬೈಲ್ ಬೆಳಕು ಹಿಡಿದೆವು. ಮೊಟ್ಟೆ ಕೆಂಪಗೆ ಹೊಳೆಯಿತು. ನಡುವೆ ಒಂದು ಕಪ್ಪು ಚುಕ್ಕೆ, ಸುತ್ತ ಎಳೆ ಎಳೆ ರಕ್ತನಾಳ. "ಅಕ್ಕೋರ, ಒಳಗ ಜ್ಯಾಡನ ಬಲಿ ಆಗೇತ್ರಿ!" ಅಂದಳು ಒಬ್ಬ ಹುಡುಗಿ, ಅವಳಿಗೆ ಅದು ಜೇಡರ ಬಲೆಯಂತೆ ಕಂಡಿತ್ತು. ಆ ಚುಕ್ಕೆ ಅಲುಗಾಡಿದಾಗ ಕೋಣೆಯಲ್ಲಿ ಯಾರೂ ಉಸಿರು ಬಿಡಲಿಲ್ಲ.

ಹನ್ನೆರಡು ಮೊಟ್ಟೆಗಳಲ್ಲಿ ಎರಡು ಮರಿ ಕಟ್ಟದೆ ಬರಿದಾಗಿದ್ದವು. ಎರಡನೇ ವಾರ ಇನ್ನೊಂದರ ಬೆಳವಣಿಗೆ ನಿಂತುಹೋಯಿತು. ಅವತ್ತು ಮೂವರು ಅತ್ತರು. ನಾನು ಸುಳ್ಳು ಹೇಳಲಿಲ್ಲ. ನೀವೂ ಹೇಳಬೇಡಿ.

ಈಗ ಕೇಳಿಕೊಳ್ಳುವ ಮಾತು. ದಿನಕ್ಕೆ ಐದು ಸಲ ಮೊಟ್ಟೆ ಹೊರಳಿಸುವ ಕೆಲಸ ಈ ಶುಕ್ರವಾರಕ್ಕೆ ಮುಗಿಯುತ್ತದೆ. ಅವತ್ತು ನೀರಿನ ತಟ್ಟೆ ಜಾಸ್ತಿ ಇಟ್ಟು ಮುಚ್ಚಳ ಹಾಕಿದರೆ ಮತ್ತೆ ತೆಗೆಯುವುದಿಲ್ಲ. ಮರಿ ಮೊದಲು ಒಳಗಿನ ಪೊರೆ ಹರಿದು ಗಾಳಿ ಇರುವ ಜಾಗಕ್ಕೆ ಕೊಕ್ಕು ಹಾಕಿ ಉಸಿರಾಡುತ್ತದೆ. ಆಮೇಲೆ ಚಿಪ್ಪಿಗೆ ಒಂದು ಬಿರುಕು. ಅಲ್ಲಿಂದ ಹೊರಬರಲು ಒಂದು ದಿನ, ಕೆಲವೊಮ್ಮೆ ಎರಡು ದಿನ ಬೇಕು. ಆ ಹೊತ್ತಲ್ಲಿ ಅದು ಸುಮ್ನೆ ಬಿದ್ದಂತೆ ಕಾಣುತ್ತದೆ. ಆದರೆ ಪೊರೆಯ ರಕ್ತ ಮೈಗೆ ಹೋಗುತ್ತಿರುತ್ತದೆ, ಉಳಿದ ಹಳದಿ ಭಾಗ ಹೊಟ್ಟೆಯೊಳಗೆ ಸೇರುತ್ತಿರುತ್ತದೆ. ಮುಚ್ಚಳ ತೆಗೆದರೆ ನಮ್ಮ ಒಣ ಗಾಳಿಗೆ ಪೊರೆ ಒಣಗಿ ಮರಿಯ ಮೈಗೆ ಅಂಟುತ್ತದೆ. ಚಿಪ್ಪು ಬಿಡಿಸಿದರೆ ರಕ್ತ ಸೋರುತ್ತದೆ.

ಇದು ನನಗೆ ಚೆನ್ನಾಗಿ ಗೊತ್ತು. ಹತ್ತು ವರ್ಷದವಳಿದ್ದಾಗ ಅಜ್ಜಿ ಮನೆಯಲ್ಲಿ, ಪಾಪ ಕಷ್ಟಪಡುತ್ತಿದೆ ಅಂತ ಒಂದು ಕೋಳಿಮರಿಯ ಚಿಪ್ಪು ಉಗುರಿನಿಂದ ಬಿಡಿಸಿದ್ದೆ. ಬೆರಳಿಗೆ ಸಣ್ಣ ರಕ್ತದ ಹನಿ ಅಂಟಿತು. ಸಂಜೆಗೆ ಮರಿ ಇರಲಿಲ್ಲ. ಅಜ್ಜಿ ಬೈಯಲಿಲ್ಲ, ಆ ಕೋಳಿಯನ್ನು ನೋಡುತ್ತ ಕೂತಿದ್ದರು.

ಹಾಗಾಗಿ ಶುಕ್ರವಾರದಿಂದ ಮಕ್ಕಳು ಗಾಜಿನ ಮೇಲಿಂದಷ್ಟೇ ನೋಡುತ್ತಾರೆ. "ಅಕ್ಕೋರು ಸಹಾಯ ಮಾಡ್ತಿಲ್ಲ" ಅಂತ ಮನೆಯಲ್ಲಿ ಅತ್ತರೆ ದಯವಿಟ್ಟು ಇದನ್ನು ಅವರಿಗೆ ತಿಳಿಸಿ. ಹುಟ್ಟಿದ ಮರಿಗೆ ಮೊದಲ ದಿನ ಊಟವೂ ಬೇಕಿಲ್ಲ, ಆ ಹಳದಿಯೇ ಸಾಕು. ಮೈ ಒಣಗುವವರೆಗೂ ಅವು ಪೆಟ್ಟಿಗೆಯಲ್ಲೇ ಇರುತ್ತವೆ.

ಮರಿ ಮನೆಗೆ ತರುತ್ತೇನೆ ಅಂತ ಹಲವು ಮಕ್ಕಳು ಕೇಳಿದ್ದಾರೆ. ಬೇಡ. ಒಂಟಿ ಬಾತುಮರಿ ಕೂಗಿ ಕೂಗಿ ಸೊರಗುತ್ತದೆ. ಎಲ್ಲವೂ ಮೊಟ್ಟೆ ಕೊಟ್ಟ ರೈತರ ಹತ್ತಿರ ಒಟ್ಟಿಗೆ ಹೋಗುತ್ತವೆ. ಕೃಷ್ಣೆಯ ಹಿನ್ನೀರಿಗೂ ಬಿಡುವಂತಿಲ್ಲ. ಅಲ್ಲಿಗೆ ಚಳಿಗಾಲಕ್ಕೆ ಬರುವ ಹೆಬ್ಬಾತುಗಳು ಹಿಮಾಲಯ ದಾಟಿ ಹಾರುವ ಹಕ್ಕಿಗಳು. ನಮ್ಮ ಮರಿಗಳು ನಾಯಿಯಿಂದ ಕೂಡ ತಪ್ಪಿಸಿಕೊಳ್ಳಲಾರವು. ಮೊದಮೊದಲು ನೀರಲ್ಲಿ ಬಿಟ್ಟರೆ ನೆನೆದು ನಡುಗುತ್ತವೆ.

ಮರಿ ಮುಟ್ಟಿದ ಮೇಲೆ ಸೋಪು ಹಚ್ಚಿ ಕೈ ತೊಳೆಯುವುದು ಕಡ್ಡಾಯ. ಸಾಲ್ಮೊನೆಲ್ಲಾ ಅನ್ನುವ ಹೊಟ್ಟೆ ಕೆಡಿಸುವ ರೋಗಾಣು ಆರೋಗ್ಯವಾಗಿರುವ ಮರಿಗಳಲ್ಲೂ ಇರಬಹುದು. ಐದು ವರ್ಷದೊಳಗಿನ ತಮ್ಮ ತಂಗಿಯರನ್ನು ಮರಿ ಮುಟ್ಟಿಸಲು ಕಳಿಸಬೇಡಿ.

ಭಾನುವಾರ ಸಂಜೆ 5 ಗಂಟೆಯಿಂದ ನೀವೂ ಬಂದು ನೋಡಬಹುದು, ಒಂದು ಸಲಕ್ಕೆ ನಾಲ್ಕು ಜನ. ಗಾಜಿಗೆ ಕಿವಿ ಹತ್ತಿರ ತನ್ನಿ. ಅಷ್ಟೊತ್ತಿಗೆ ಚಿಪ್ಪಿನ ಒಳಗಿಂದ ಕಿಚಿಕಿಚಿ ಕೇಳಿಸಬಹುದು.

ನಿಮ್ಮ,
ಮುಖ್ಯ ಶಿಕ್ಷಕಿ
ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ
ಬೀಳಗಿ ತಾಲ್ಲೂಕು, ಬಾಗಲಕೋಟೆ ಜಿಲ್ಲೆ