ಭಾನುವಾರದ ಮಾತುಕತೆ: ಗಿಟಾರ್ ಹಿಡಿದ ಮಠಾಧಿಪತಿ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 6ಕ್ಕೆ ಗುಂಪಿನ ಕರೆಯಲ್ಲಿ ಜರ್ಮನಿಯ ಕ್ರೈಸ್ತ ಸನ್ಯಾಸಿ ನೋಟ್ಕರ್ ವೋಲ್ಫ್ ಬಗ್ಗೆ ಮಾತಾಡೋಣ. ನನಗೆ ತುಂಬಾ ಇಷ್ಟವಾದ ವ್ಯಕ್ತಿ, ಹಾಗಾಗಿ ಸ್ವಲ್ಪ ಮೊದಲೇ ಹೇಳಿಬಿಡುತ್ತೇನೆ.

1940ರಲ್ಲಿ ದಕ್ಷಿಣ ಜರ್ಮನಿಯಲ್ಲಿ ಹುಟ್ಟಿದವರು, ದರ್ಜಿಯೊಬ್ಬರ ಮಗ. 1961ರಲ್ಲಿ ಬವೇರಿಯಾದ ಸಾಂಕ್ಟ್ ಒಟ್ಟಿಲಿಯನ್ ಮಠ ಸೇರಿದರು. 1977ರಲ್ಲಿ, ಇನ್ನೂ 37 ವರ್ಷಕ್ಕೇ, ಅದರ ಮುಖ್ಯಸ್ಥರಾದರು. 2000ದಿಂದ 2016ರವರೆಗೆ ರೋಮಿನಲ್ಲಿದ್ದುಕೊಂಡು ಇಡೀ ಜಗತ್ತಿನ ಬೆನೆಡಿಕ್ಟೈನ್ (ಸಂತ ಬೆನೆಡಿಕ್ಟರ ನಿಯಮ ಪಾಲಿಸುವ ಕ್ಯಾಥೊಲಿಕ್ ಸನ್ಯಾಸಿಗಳ) ಮಠಗಳ ಒಕ್ಕೂಟಕ್ಕೆ ಹಿರಿಯರಾಗಿದ್ದರು. ಅಲ್ಲಿ ಒಂದೊಂದು ಮಠವೂ ಸ್ವತಂತ್ರ. ಅಪ್ಪಣೆ ಕೊಡುವುದಕ್ಕಿಂತ ಎಲ್ಲರನ್ನೂ ಕೂಡಿಸಿಕೊಂಡು ಹೋಗುವುದೇ ಅವರ ಕೆಲಸ. ಹಾಗಾಗಿ ದೇಶದಿಂದ ದೇಶಕ್ಕೆ ಓಡಾಟ ತಪ್ಪುತ್ತಿರಲಿಲ್ಲ.

ಇನ್ನು ಸಂಗೀತ! ದಿನಕ್ಕೆ ಹಲವು ಹೊತ್ತು ಬೈಬಲ್ಲಿನ ಕೀರ್ತನೆಗಳ ಪ್ರಾರ್ಥನೆ, ಜತೆಗೆ ಫ್ಲೂಟ್, ಅದರ ಜತೆಗೆ ಎಲೆಕ್ಟ್ರಿಕ್ ಗಿಟಾರ್. ‘ಫೀಡ್‌ಬ್ಯಾಕ್’ ಎಂಬ ರಾಕ್ ತಂಡದಲ್ಲಿ ನುಡಿಸುತ್ತಿದ್ದರು. 2008ರಲ್ಲಿ ಬ್ರಿಟನ್ನಿನ ಹೆಸರಾಂತ ರಾಕ್ ತಂಡ ಡೀಪ್ ಪರ್ಪಲ್ ಜತೆ ವೇದಿಕೆ ಹತ್ತಿದರು, ಆಗ ಅವರಿಗೆ 68! ಆ ವಯಸ್ಸಿನಲ್ಲೂ, ಆ ಸ್ಥಾನದಲ್ಲೂ ತನ್ನ ಇಷ್ಟವನ್ನು ಮುಚ್ಚಿಡದ ಆ ಸಹಜತೆ ನನ್ನ ಮನಸ್ಸಿಗೆ ತಟ್ಟಿದೆ.

2024ರ ಏಪ್ರಿಲ್ 2ರಂದು, 83ನೇ ವಯಸ್ಸಿನಲ್ಲಿ ತೀರಿಕೊಂಡರು. ಆಗಲೂ ಪ್ರಯಾಣದಲ್ಲೇ ಇದ್ದರು.

ಫ್ಲೂಟ್, ಗಿಟಾರ್ ಕಲಿಯುತ್ತಿರುವವರು ಎರಡು ನಿಮಿಷದ ತುಣುಕು ಸಿದ್ಧ ಮಾಡಿಕೊಂಡು ಬನ್ನಿ. ಬರುವವರು ಶನಿವಾರದೊಳಗೆ ಇಲ್ಲೇ ಹೆಸರು ಹಾಕಿ.