ಬಾಣಂತಿಗೆ ನೀರು ತಪ್ಪಿಸಬೇಡಿ, ಕೂಸಿಗೆ ನೀರು ಕುಡಿಸಬೇಡಿ

ಮಾನ್ಯರೇ,

ಚಿಕ್ಕಬಳ್ಳಾಪುರ ಜಿಲ್ಲೆಯ ಬಾಗೇಪಲ್ಲಿ, ಗುಡಿಬಂಡೆ ಕಡೆ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ, ಅತಿಯಾದರೆ ಹಲ್ಲು, ಮೂಳೆ ಕೆಡಿಸುವ ಫ್ಲೋರೈಡ್ ಹೆಚ್ಚಿದೆ. ಕುದಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಬತ್ತಿದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಡಬ್ಬಿ ಹಾಲಿನ ಪುಡಿಯನ್ನು ಈ ನೀರಲ್ಲಿ ಕಲಸಿದರೆ ಅಷ್ಟೂ ಕೂಸಿನ ಹೊಟ್ಟೆಗೇ. ತಾಯಿ ಅದೇ ನೀರು ಕುಡಿದರೂ ಎದೆಹಾಲಿಗೆ ಇಳಿಯುವ ಫ್ಲೋರೈಡ್ ಅತ್ಯಲ್ಪ. ನಮ್ಮ ಜಿಲ್ಲೆಯಲ್ಲಿ ಎದೆಹಾಲಿನ ಬಗ್ಗೆ ಮೊದಲು ಹೇಳಬೇಕಾದ ಮಾತೇ ಇದು.

ಮೊದಲ 6 ತಿಂಗಳು ಕೂಸಿಗೆ ಬರೀ ನೀರೂ ಬೇಡ. ಎದೆಹಾಲಿನಲ್ಲಿ ಹೆಚ್ಚುಕಡಿಮೆ ಶೇ 87 ನೀರೇ ಇರುವುದರಿಂದ ಏಪ್ರಿಲ್ ಬಿಸಿಲಿಗೂ ಅದು ಸಾಕು. ನೀರು ಬೇಕಿರುವುದು ಬಾಣಂತಿಗೆ. ಹೊಟ್ಟೆ ಬರುತ್ತದೆ, ನಂಜಾಗುತ್ತದೆ ಎಂದು ಲೋಟ ಎಣಿಸಿ ಕೊಡುವ ಮನೆಗಳು ಇನ್ನೂ ಇವೆ. ದಯವಿಟ್ಟು ಬಾಯಾರಿದಾಗೆಲ್ಲ ಕೊಡಿ. ಮುದ್ದೆ, ಬೇಳೆ, ಸೊಪ್ಪು, ಮೊಟ್ಟೆಯ ಊಟವೂ ದಿನಕ್ಕೆ ಒಂದು ಹೊತ್ತು ಹೆಚ್ಚೇ ಇರಲಿ.

'ಹಾಲು ಸಾಲುತ್ತಿಲ್ಲ' ಎಂಬ ಭಯ ಬಹುಪಾಲು ಕೂಸಿನ ಅಳುವಿನಿಂದ ಹುಟ್ಟುತ್ತದೆ. ಅಳು ಬಿಡಿ, ಉಚ್ಚೆ ಎಣಿಸಿ. ಮೊದಲ ವಾರ ಕಳೆದ ಮೇಲೆ ದಿನಕ್ಕೆ 6 ಸಲವಾದರೂ ಉಚ್ಚೆ ಹೊಯ್ಯುತ್ತಿದ್ದು, ಎರಡು ವಾರದ ಹೊತ್ತಿಗೆ ಹುಟ್ಟಿದಾಗಿನ ತೂಕ ಮರಳಿ ಬಂದು ಏರುತ್ತಿದ್ದರೆ ಹಾಲು ಸಾಲುತ್ತಿದೆ. ಹೆದರಿ ಬಾಟಲಿ ಹಿಡಿದರೆ ಕೂಸು ಎದೆ ಚೀಪುವುದು ಕಡಿಮೆಯಾಗುತ್ತದೆ. ಚೀಪದಿದ್ದರೆ ಹಾಲು ನಿಜಕ್ಕೂ ಕಡಿಮೆಯಾಗುತ್ತದೆ. ಬರೀ ಮೊಲೆತೊಟ್ಟು ಬಾಯಿಗಿಟ್ಟರೂ ಹಾಲು ಸರಿಯಾಗಿ ಬಾರದು, ತೊಟ್ಟು ಬಿರಿದು ನೋವಾಗುತ್ತದೆ. ಸುತ್ತಲ ಕಪ್ಪು ಭಾಗವೂ ಆದಷ್ಟು ಒಳಹೋಗಿ, ಕೂಸಿನ ಗದ್ದ ಎದೆಗೆ ತಾಗಬೇಕು.

ಡಬ್ಬಿಯ ಖರ್ಚು ನೋಡಿ. ಡಬ್ಬಿ ಹಾಲನ್ನೇ ನೆಚ್ಚಿದ ನಾಲ್ಕು ತಿಂಗಳ ಕೂಸಿಗೆ 400 ಗ್ರಾಂ ಪುಡಿ ನಾಲ್ಕು ದಿನ ಬಂದರೆ ಹೆಚ್ಚು. ಉಳಿಸಲೆಂದು ನೀರು ಹೆಚ್ಚಿಸಿದರೆ ಕೂಸು ಸೊರಗುತ್ತದೆ. ಭೇದಿ ಹತ್ತಿದರೆ ಅಪ್ಪನ ಕೂಲಿಯೂ ಹೋಯಿತು.

ಮತ್ತೊಂದು ಲಾಭವನ್ನು ದಂಪತಿ ಇಬ್ಬರೂ ತಿಳಿದಿರಬೇಕು. ಕೂಸಿಗೆ 6 ತಿಂಗಳು ತುಂಬಿಲ್ಲ, ಹಗಲೂ ರಾತ್ರಿಯೂ ಎದೆಹಾಲು ಮಾತ್ರ, ಮುಟ್ಟು ಮರಳಿಲ್ಲ: ಈ ಮೂರೂ ಇದ್ದರೆ ಮತ್ತೆ ಬಸಿರಾಗುವ ಸಂಭವ ಶೇ 2ಕ್ಕಿಂತ ಕಡಿಮೆ. ಒಂದು ತಪ್ಪಿದರೂ ಬೇರೆ ಉಪಾಯ ಬೇಕು.

ಗೌರಿಬಿದನೂರಿನ ಕಾರ್ಖಾನೆಗಳಿಗೆ ಹೋಗುವ ತಾಯಂದಿರಿಗೆ, ಮಗುವಿಗೆ 15 ತಿಂಗಳಾಗುವವರೆಗೆ ಹಾಲುಣಿಸಲು ದಿನಕ್ಕೆ ಎರಡು ಬಿಡುವು ಕಾನೂನಿನಲ್ಲೇ ಇದೆ. ಅದನ್ನು ಕೇಳಿ ಪಡೆಯಲಿ. ಕೈಯಿಂದ ಹಿಂಡಿದ ಹಾಲನ್ನು ತೊಳೆದು ಕುದಿಸಿದ ಸ್ಟೀಲ್ ಡಬ್ಬಿಯಲ್ಲಿ ಮುಚ್ಚಿಟ್ಟರೆ ತಂಪಾದ ಕೋಣೆಯಲ್ಲಿ 4 ಗಂಟೆ, ಫ್ರಿಜ್ಜಿನಲ್ಲಿ 24 ಗಂಟೆ ಇರುತ್ತದೆ. ಒಲೆಯ ಮೇಲೆ ಕಾಯಿಸಬೇಡಿ, ಬಿಸಿನೀರಿನ ಬಟ್ಟಲಲ್ಲಿಟ್ಟು ಬೆಚ್ಚಗೆ ಮಾಡಿ. ಕುಡಿಸಲು ಬಾಟಲಿ ಬೇಡ, ಅಜ್ಜಿಯ ಒಳಲೆ (ಹಾಲು ಕುಡಿಸುವ ಮೂತಿಯ ಪುಟ್ಟ ಬಟ್ಟಲು) ಸಾಕು.

– ತಾಯಿ–ಮಗು ಆರೋಗ್ಯ ಕಾರ್ಯಕರ್ತೆಯರು, ಬಾಗೇಪಲ್ಲಿ