ನಾಯಿಗೂ ಕಲ್ಲು ನೆಟ್ಟ ಊರಿನ ಪಕ್ಕದಿಂದ

ಮಾನ್ಯ ಸಂಪಾದಕರೇ,

ಡಿಸೆಂಬರ್ ಬಂತೆಂದರೆ ನಮ್ಮ ಶಾಲೆಗೆ ಪುಟ್ಟ ಬಾವುಟಗಳ ಕಟ್ಟು ಬರುತ್ತದೆ. 7ನೇ ತಾರೀಕು ಸಶಸ್ತ್ರ ಪಡೆಗಳ ಧ್ವಜ ದಿನ. 1949ರಿಂದ ನಡೆದು ಬಂದ ಪದ್ಧತಿ. ಮಕ್ಕಳು ಚಿಲ್ಲರೆ ಕೊಟ್ಟು ಬಾವುಟವನ್ನು ಅಂಗಿಗೆ ಚುಚ್ಚಿಕೊಳ್ಳುತ್ತಾರೆ. ಸಂಜೆ ಹೊತ್ತಿಗೆ ಅರ್ಧಕ್ಕರ್ಧ ಬಾವುಟ ಆಟದ ಬಯಲಲ್ಲಿ ಬಿದ್ದಿರುತ್ತವೆ. ನಾನು ಬೈಯುವುದಿಲ್ಲ, ಆಯ್ದುಕೊಂಡು ಮೇಜಿನ ಡ್ರಾಯರ್‌ಗೆ ಹಾಕುತ್ತೇನೆ ಅಷ್ಟೆ. ಸೈನಿಕನ ಮಗಳಾದ ನನಗೇ ನನ್ನ ಅಪ್ಪ ಯುದ್ಧದಲ್ಲಿ ಏನು ಮಾಡಿದರು ಅಂತ ಪೂರ್ತಿ ಗೊತ್ತಿಲ್ಲ. ಇನ್ನು ಮಕ್ಕಳಿಗೇನು ಹೇಳಲಿ?

ಅಪ್ಪ ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದರು. ಬೆಂಗಳೂರಿನ ಹಲಸೂರು ಕೆರೆಯ ಪಕ್ಕದಲ್ಲೇ ಅವರ ಕೇಂದ್ರ. ಸೇನೆಗೆ ಸೇತುವೆ ಕಟ್ಟುವುದು, ದಾರಿ ಮಾಡುವುದು, ನೆಲಬಾಂಬ್ (ಮೈನ್) ತೆಗೆಯುವುದು ಇವರ ಕೆಲಸ. ಪಾಕಿಸ್ತಾನದ ಜೊತೆ ಯುದ್ಧ ನಡೆದ 1971ರ ಡಿಸೆಂಬರ್‌ನಲ್ಲಿ ಅಪ್ಪ ಪಶ್ಚಿಮದ ಗಡಿಯಲ್ಲಿ, ಶಕರ್‌ಗಢದ ಕಡೆ ಇದ್ದರು. ಡಾಕಾದ ಶರಣಾಗತಿ, 93 ಸಾವಿರ ಯುದ್ಧಕೈದಿಗಳು, ಇವೆಲ್ಲ ಎಲ್ಲರಿಗೂ ಗೊತ್ತು. ಪಶ್ಚಿಮದಲ್ಲಿ ಬಸಂತರ್ ಹೊಳೆಯ ಆಚೆ ಈಚೆ ಮೈನ್ ತುಂಬಿದ್ದ ಗದ್ದೆಗಳಲ್ಲಿ ಟ್ಯಾಂಕುಗಳಿಗೆ ದಾರಿ ಬಿಡಿಸಿದವರ ಮಾತು ಯಾರ ಬಾಯಲ್ಲೂ ಜಾಸ್ತಿ ಬರುವುದಿಲ್ಲ.

ಅಪ್ಪನ ಬಾಯಲ್ಲೂ ಬರಲಿಲ್ಲ. ಕಪ್ಪು ಟ್ರಂಕಿನ ಮೇಲೆ ಬಿಳಿ ಬಣ್ಣದಲ್ಲಿ ನಂಬರು, ರ‍್ಯಾಂಕು, ಹೆಸರು ಇತ್ತು. ಒಳಗೆ ಪಶ್ಚಿಮಿ ಸ್ಟಾರ್ ಪದಕ, ಒಂದು ಉಣ್ಣೆ ಟೋಪಿ, ನುಸಿಗುಳಿಗೆ. ಒಂದು ಸಲ ಮಾತ್ರ, ಕಡಲೆಕಾಯಿ ಕೀಳುವಾಗ, ಕೈಲಿದ್ದ ಕಬ್ಬಿಣದ ಕಡ್ಡಿಯನ್ನು ಓರೆಯಾಗಿ ಹಿಡಿದು ನೆಲಕ್ಕೆ ಮೆಲ್ಲಗೆ ಒತ್ತಿ ತೋರಿಸಿದರು. ‘ನೆಟ್ಟಗೆ ಚುಚ್ಚಬಾರದು. ಹಿಂಗೆ, ಪಕ್ಕದಿಂದ. ತಾಗಿದ್ದು ಕಲ್ಲೋ ಮೈನೋ ಕೈಗೇ ಗೊತ್ತಾಗಬೇಕು’ ಅಂದರು. ಹೊಟ್ಟೆಯ ಮೇಲೆ ಮಲಗಿ, ಗೇಣುಗೇಣಿಗೂ ಹೀಗೆ ಚುಚ್ಚುತ್ತಾ, ಕತ್ತಲಲ್ಲಿ. ‘ಹೆದರಿಕೆ ಆಗ್ತಿರಲಿಲ್ವಾ?’ ಅಂದೆ. ‘ಚಳಿ ಆಗ್ತಿತ್ತು’ ಅಂದರು. ಅಷ್ಟೇ ಮಾತು.

ಅವರ ಜೊತೆಯವರೊಬ್ಬರು ಅಲ್ಲಿ ಕಾಲು ಕಳೆದುಕೊಂಡಿದ್ದರು. ತಮಿಳುನಾಡಿನವರು. ಪ್ರತಿ ಪೊಂಗಲ್‌ಗೆ ಅವರಿಂದ ತಮಿಳಿನಲ್ಲಿ ಒಂದು ಇನ್‌ಲ್ಯಾಂಡ್ ಲೆಟರ್ ಬರುತ್ತಿತ್ತು. ಅಪ್ಪ ಪಡೆಯಲ್ಲೇ ತಮಿಳು ಕಲಿತವರು, ಜಗಲಿಯಲ್ಲಿ ಕೂತು ಒಬ್ಬರೇ ಓದಿಕೊಳ್ಳುತ್ತಿದ್ದರು. ಒಂದು ವರ್ಷ ಕಾಗದ ಬರಲಿಲ್ಲ. ಅಪ್ಪ ಏನೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಮನೆಗೆ ಸುಣ್ಣ ಹೊಡೆಸುವಾಗ ಹಳೇ ಕಾಗದವೆಲ್ಲ ನೀರೊಲೆಗೆ ಹೋದವು. ಆ ಪುಣ್ಯಾತ್ಮನ ಹೆಸರು ನನಗೆ ಗೊತ್ತಿಲ್ಲ. ಅದು ಒಲೆಗೆ ಹೋಯಿತು. ಹಾಕಿದವಳು ನಾನೇ.

ನಮ್ಮೂರಿನ ಕೆರೆ ಏರಿಯ ಮೇಲೊಂದು ವೀರಗಲ್ಲಿದೆ. ನಿಮ್ಮೂರಲ್ಲೂ ಇರಬಹುದು. ಮೂರು ಅಂತಸ್ತು. ಕೆಳಗೆ ಕತ್ತಿ ಹಿಡಿದು ಕಾದಾಡುವವನು, ನಡುವೆ ಅವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಶಿವಲಿಂಗದ ಮುಂದೆ ಕೂತ ಅದೇ ಮನುಷ್ಯ. ಅಕ್ಷರ ಸವೆದಿದೆ. ಬಟ್ಟೆ ಒಗೆಯುವವರು ಅದಕ್ಕೆ ಒರಗಿಕೊಂಡು ಕೂರುತ್ತಾರೆ. ಹಬ್ಬದ ದಿನ ಅವರೇ ಅರಿಶಿನ ಕುಂಕುಮ ಇಟ್ಟು ಕೈ ಮುಗಿಯುತ್ತಾರೆ. ಯಾರು, ಯಾವ ಕಾಳಗ, ಏನೂ ಗೊತ್ತಿಲ್ಲ. ಆದರೂ ಸಾವಿರ ವರ್ಷದ ಹಿಂದೆ ಯಾರೋ ಒಬ್ಬರು ಕಲ್ಲುಕುಟಿಗನನ್ನು ಕರೆಸಿ, ಕೂಲಿ ಕೊಟ್ಟು, ಇಂಥವನು ಹೀಗೆ ಸತ್ತ ಅಂತ ಕೊರೆಸಿದ್ದರಲ್ವಾ?

ನಮ್ಮ ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು ಇನ್ನೂ ದೊಡ್ಡ ಮಾತು ಹೇಳುತ್ತದೆ. ಸುಮಾರು ಕ್ರಿ.ಶ. 950ರದ್ದು. ಈಗ ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದಲ್ಲಿ ಚೋಳರ ಮೇಲೆ ನಡೆದ ಯುದ್ಧದಲ್ಲಿ ಮಣಲೇರ ಎಂಬುವನು ಚೆನ್ನಾಗಿ ಕಾದಿದ. ಮೆಚ್ಚಿದ ದೊರೆ ಏನು ಬೇಕೋ ಕೇಳು ಅಂದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆ ನಾಯಿಯನ್ನು. ಆ ನಾಯಿ ಮುಂದೆ ದೊಡ್ಡ ಹಂದಿಯ ಜೊತೆ ಹೋರಾಡಿತು. ಎರಡೂ ಸತ್ತವು. ಊರ ದೇವಸ್ಥಾನದ ಮುಂದೆ ನಾಯಿಗೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟರು. ಕಲ್ಲಿಗೆ ಪೂಜೆ ಮಾಡದೆ ಪೂಜಾರಿ ಉಂಡರೆ ಅವನಿಗೆ ಪಾಪ ಅಂತಲೂ ಕೊರೆಸಿದರು.

ಯುದ್ಧದ ಹೆಸರು, ಮನುಷ್ಯನ ಹೆಸರು, ನಾಯಿಯ ಹೆಸರು, ನೋಡಿಕೊಳ್ಳಬೇಕಾದವನು ಯಾರು, ಅವನ ಊಟಕ್ಕೆ ಏನು ದಾರಿ. ಎಲ್ಲ ಒಂದೇ ಕಲ್ಲಿನಲ್ಲಿ! ಸತ್ತವನ ಮನೆಯವರಿಗೆ ಕೊಡುವ ಭೂಮಿಗೆ ‘ನೆತ್ತರು ಕೊಡಗೆ’ ಎಂಬ ಹೆಸರೇ ಇತ್ತು. ಬೆಂಗಳೂರು ಎಂಬ ಹೆಸರು ಸಿಗುವ ಹಳೆಯ ಬರಹವೂ ಬೇಗೂರಿನ ಒಂದು ವೀರಗಲ್ಲೇ. ‘ಬೆಂಗಳೂರ ಕಾಳಗ’ದಲ್ಲಿ ಸತ್ತವರನ್ನು ಯಾರೋ ಬರೆದಿಟ್ಟರು ಅಂತ ಊರಿನ ಹೆಸರೂ ಉಳಿಯಿತು.

ಈಗಿನ ಕಲ್ಲುಗಳನ್ನು ನೋಡಿ. ಕಳೆದ ವರ್ಷ ಒಂದು ಪಟ್ಟಣದ ಬಸ್‌ಸ್ಟ್ಯಾಂಡ್ ಹತ್ತಿರ ಸೈನಿಕರ ಸ್ಮಾರಕ ನೋಡಿದೆ. ಹೊಳೆಯುವ ಗ್ರಾನೈಟ್ ಫಲಕ. ಉದ್ಘಾಟಕರು, ಅಧ್ಯಕ್ಷರು, ಘನ ಉಪಸ್ಥಿತಿ, ಮುಖ್ಯ ಅತಿಥಿಗಳು, ಗುತ್ತಿಗೆದಾರರು. ನಾನು ಎಣಿಸಿದೆ, ಹನ್ನೊಂದು ಹೆಸರು, ಬಂಗಾರದ ಬಣ್ಣದಲ್ಲಿ. ಕೆಳಗೆ ಸೈನಿಕರ ಮೂರು ಹೆಸರು, ಅದರ ಅರ್ಧ ಗಾತ್ರದಲ್ಲಿ. ಯಾವ ಊರಿನವರು, ಎಲ್ಲಿ ಸತ್ತರು, ಏನು ಮಾಡುತ್ತಿದ್ದಾಗ ಸತ್ತರು, ಒಂದೂ ಇಲ್ಲ. ‘ವೀರಮರಣ’ ಅಂದರೆ ಮುಗಿಯಿತೇ? ಅದಕ್ಕಿಂತ ಆತಕೂರಿನ ಕಾಳಿಯ ಬಗ್ಗೆ ನಮಗೆ ಜಾಸ್ತಿ ಗೊತ್ತು.

ಬದುಕಿ ಬಂದವರಿಗಂತೂ ಫಲಕವೂ ಇಲ್ಲ. ಅವರಿಗಿರುವುದು ಶಾಲು, ಹಾರ. ಮತ್ತೆ ಪ್ರತಿ ನವೆಂಬರ್‌ನಲ್ಲಿ ತಾನಿನ್ನೂ ಬದುಕಿದ್ದೇನೆ ಅಂತ ಪಿಂಚಣಿಗೆ ಕೊಡಬೇಕಾದ ಪ್ರಮಾಣಪತ್ರ. (ನನ್ನ ಅಮ್ಮ ಈಗ ಅದನ್ನು ಕೊಡುತ್ತಾಳೆ. ಬೆರಳಚ್ಚು ಸವೆದು ಮೆಷಿನ್ನಿಗೆ ಸಿಗುವುದಿಲ್ಲ. ಕೌಂಟರಿನ ಹುಡುಗ ನಾಲ್ಕು ಸಲ ಒತ್ತಿಸುತ್ತಾನೆ, ಪಾಪ ಅವನ ತಪ್ಪಲ್ಲ.)

ಬೆಂಗಳೂರಿನಲ್ಲಿ ರಾಷ್ಟ್ರೀಯ ಸೈನಿಕ ಸ್ಮಾರಕವಿದೆ, ಅಲ್ಲೂ ಎತ್ತರದ ವೀರಗಲ್ಲು ನಿಲ್ಲಿಸಿದ್ದಾರೆ. ಜೆ.ಸಿ. ನಗರದಲ್ಲಿ ಮೈಸೂರು ಸಂಸ್ಥಾನದ ಕುದುರೆ ಪಡೆಯಾಗಿದ್ದ ಮೈಸೂರು ಲಾನ್ಸರ್ಸ್ ಸ್ಮಾರಕವಿದೆ, 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನ ಹೈಫಾ ಊರನ್ನು ಗೆದ್ದ ಪಡೆಗಳಲ್ಲಿ ಅವರೂ ಇದ್ದರು. ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯ ಹುಟ್ಟಿದ ಮನೆ ಈಗ ಮ್ಯೂಸಿಯಂ. ಇವೆಲ್ಲ ಬೇಕು, ಬೇಡ ಅನ್ನುವುದಿಲ್ಲ. ಆದರೆ ನಮ್ಮ ಹೋಬಳಿಯಲ್ಲೇ ಇನ್ನೂ ಬದುಕಿರುವ 71ರ ಸೈನಿಕರು ನನಗೆ ಗೊತ್ತಿದ್ದಂತೆ ಇಬ್ಬರು. ಇಬ್ಬರಿಗೂ ಎಪ್ಪತ್ತೈದು ದಾಟಿದೆ. ಒಬ್ಬರಿಗೆ ಮರೆವು ಶುರುವಾಗಿದೆ. ಅವರ ಮಾತು ಬರೆದಿಡಲು ಮ್ಯೂಸಿಯಂ ಕಟ್ಟಬೇಕಿಲ್ಲ. ಪಂಚಾಯಿತಿಯಲ್ಲಿ ಒಂದು ದಪ್ಪ ಪುಸ್ತಕ ಇಡಲಿ. ಹೆಸರು, ಊರು, ಪಡೆ, ಎಲ್ಲಿದ್ದರು, ಏನು ಮಾಡಿದರು, ಪಕ್ಕದಲ್ಲಿ ಯಾರಿದ್ದರು. ಕೊನೆಯದನ್ನು ಮರೆಯದೆ ಕೇಳಿ ಬರೆಯಬೇಕು. ಹೈಸ್ಕೂಲ್ ಮಕ್ಕಳ ಕೈಗೆ ಕೊಟ್ಟರೆ ಒಂದು ತಿಂಗಳಲ್ಲಿ ಮುಗಿಸುತ್ತಾರೆ, ಫೋನಿನಲ್ಲಿ ರೆಕಾರ್ಡೂ ಮಾಡುತ್ತಾರೆ. ಆ ಪುಸ್ತಕ ಯಾರ ವಶದಲ್ಲಿರಬೇಕು ಅನ್ನುವುದನ್ನೂ ಮೊದಲ ಪುಟದಲ್ಲೇ ಬರೆಯಲಿ, ಆತಕೂರಿನವರ ಹಾಗೆ. ಪಾಪ ಹತ್ತುತ್ತದೆ ಅಂತ ಬೇಕಾದರೂ ಸೇರಿಸಲಿ.

ನಮ್ಮ ಶಾಲೆಯಲ್ಲಿ ಈ ಡಿಸೆಂಬರ್ 16ಕ್ಕೆ, ಡಾಕಾ ಶರಣಾಗತಿಯ ದಿನಕ್ಕೆ, ಭಾಷಣ ಸ್ಪರ್ಧೆ ಬೇಡ ಅಂತ ಹೆಡ್‌ಮೇಷ್ಟ್ರಿಗೆ ಹೇಳಿದ್ದೇನೆ. ಒಂಬತ್ತನೇ ಕ್ಲಾಸಿನ ಆರು ಮಕ್ಕಳು ಆ ಇಬ್ಬರ ಮನೆಗೆ ನೋಟ್‌ಬುಕ್ ಹಿಡಿದು ಹೋಗುತ್ತಾರೆ.

ಅಪ್ಪನಿಗೂ ಒಮ್ಮೆ ಸನ್ಮಾನ ಆಗಿತ್ತು. ಹತ್ತು ಗಂಟೆಯ ಸಮಾರಂಭ ಶುರುವಾಗಿದ್ದು ಒಂದೂವರೆಗೆ. ಕೊಟ್ಟ ಸನ್ಮಾನ ಪತ್ರದಲ್ಲಿ ಅವರ ಪಡೆಯನ್ನು ‘ಮದ್ರಾಸ್ ರೆಜಿಮೆಂಟ್’ ಅಂತ ಅಚ್ಚು ಹಾಕಿಸಿದ್ದರು. ಅದೂ ಹೆಮ್ಮೆಯ ಪಡೆಯೇ, ಆದರೆ ಅಪ್ಪನದಲ್ಲ. ಅಪ್ಪ ಓದಿದರು, ಮಡಚಿದರು, ಟ್ರಂಕಿಗೆ ಹಾಕಿದರು. ಹೋದ ವಾರ ಅದನ್ನು ಹೊರಗೆ ತೆಗೆದೆ. ‘ರೆಜಿಮೆಂಟ್’ ಅನ್ನುವುದರ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಬಾಲ್‌ಪೆನ್ನಿನಲ್ಲಿ ‘ಸ್ಯಾಪರ್ಸ್’ ಅಂತ ಬರೆದೆ. ಅದರ ಕೆಳಗೆ, ‘ಜೊತೆಗಿದ್ದವರು’ ಅಂತ ಬರೆದು, ಮುಂದೆ ಜಾಗ ಬಿಟ್ಟಿದ್ದೇನೆ.

ಇತಿ,
ಒಬ್ಬ ಶಿಕ್ಷಕಿ,
ಮದ್ದೂರು ತಾಲ್ಲೂಕು